ಬ್ಯಾಕಪ್ ಮುಗಿಯುವ ತನಕ ಅದಕ್ಕೆ ಜಾಗ ಯಾವುದು?

ಕಂಪ್ಯೂಟರಿನಲ್ಲಿರುವ ಲೆಕ್ಕ, ದಾಖಲೆ, ಚಿತ್ರಗಳ ಇನ್ನೊಂದು ಪ್ರತಿಯನ್ನು ಬೇರೆಡೆ ತೆಗೆದಿಡುವುದು ಬ್ಯಾಕಪ್. ಮೂಲ ಹಾಳಾದಾಗ ಆ ಪ್ರತಿಯಿಂದ ಎಲ್ಲವನ್ನೂ ಮರಳಿ ತರುವುದು ರಿಸ್ಟೋರ್. ಈ ಎರಡು ಕೆಲಸಗಳೂ ಒಂದೇ ಏಟಿಗೆ ಮುಗಿಯುವುದಿಲ್ಲ. ಬ್ಯಾಕಪ್ ತಂತ್ರಾಂಶ ಮೊದಲು ಫೈಲುಗಳನ್ನು ಒಟ್ಟುಮಾಡುತ್ತದೆ, ಆಮೇಲೆ ಒತ್ತಿ ಚಿಕ್ಕದು ಮಾಡುತ್ತದೆ, ಗೂಢಲಿಪಿಗೆ ಇಳಿಸುತ್ತದೆ, ಕೊನೆಗೆ ಸೇರಬೇಕಾದ ಡಿಸ್ಕಿಗೋ ಸರ್ವರಿಗೋ ಕಳಿಸುತ್ತದೆ. ಪ್ರತಿ ಹಂತದಲ್ಲೂ ಅರೆಬರೆ ಫೈಲುಗಳು ಹುಟ್ಟುತ್ತವೆ. ಇವೇ ತಾತ್ಕಾಲಿಕ ಫೈಲುಗಳು, ಬಳಕೆಯ ಮಾತಿನಲ್ಲಿ ಟೆಂಪ್ ಫೈಲುಗಳು. ಕೆಲಸ ಸರಾಗವಾಗಿ ಮುಗಿದರೆ ಇವು ಯಾರ ಗಮನಕ್ಕೂ ಬಾರದೆ ಅಳಿದುಹೋಗುತ್ತವೆ. ನಡುವೆ ಕರೆಂಟ್ ಹೋದರೆ, ಡಿಸ್ಕ್ ತುಂಬಿದರೆ, ನೆಟ್‌ವರ್ಕ್ ಕಡಿದರೆ, ಆ ಫೈಲುಗಳು ಎಲ್ಲಿದ್ದವು ಎಂಬುದರ ಮೇಲೆ ಉಳಿಯುವುದು ಏನು, ಕಳೆಯುವುದು ಏನು ಎಂಬುದು ತೀರ್ಮಾನವಾಗುತ್ತದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಈ ಪ್ರಶ್ನೆ ಈಗ ದಿನನಿತ್ಯದ್ದು. ತಿಪಟೂರಿನ ಕೊಬ್ಬರಿ ಮಂಡಿಗಳ ಲೆಕ್ಕ ಪುಸ್ತಕದಿಂದ ಕಂಪ್ಯೂಟರಿಗೆ ಬಂದು ಬಹಳ ಕಾಲವಾಯಿತು. ಕರ್ನಾಟಕದ ಎಪಿಎಂಸಿಗಳಿಗಾಗಿ 2014ರಲ್ಲಿ ಆರಂಭವಾದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್‌ನ ಏಕೀಕೃತ ಮಾರುಕಟ್ಟೆ ವೇದಿಕೆ ಹರಾಜನ್ನೂ ಆನ್‌ಲೈನ್ ಮಾಡಿತು. ಬೆಂಬಲ ಬೆಲೆಗೆ ನಾಫೆಡ್ ಕೊಬ್ಬರಿ ಕೊಳ್ಳುವಾಗ ರೈತರ ನೋಂದಣಿಯ ‘ಫ್ರೂಟ್ಸ್’ ಸಂಖ್ಯೆ ಬೇಕಾಗುತ್ತದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ರಾಜ್ಯದ ತಾಲ್ಲೂಕು ಕಚೇರಿಗಳ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡಿಡುವ ಭೂಸುರಕ್ಷಾ ಯೋಜನೆ 2024ರಲ್ಲಿ ಶುರುವಾಯಿತು.

ಹೀಗೆ ಕಂಪ್ಯೂಟರಿಗೆ ಬಂದ ಲೆಕ್ಕ, ದಾಖಲೆಗಳಿಗೆಲ್ಲ ಬ್ಯಾಕಪ್ ಬೇಕು. ಕಾನೂನೂ ಈ ಕಡೆಗೇ ಒತ್ತುತ್ತದೆ. ಜಿಎಸ್‌ಟಿ ಕಾಯ್ದೆಯ ಪ್ರಕಾರ ವ್ಯಾಪಾರದ ಲೆಕ್ಕಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಕಂಪನಿಯಾಗಿ ನೋಂದಾಯಿಸಿಕೊಂಡ ಉದ್ಯಮಗಳು, ತೆಂಗಿನ ಪುಡಿ ಕಾರ್ಖಾನೆಯಾಗಲಿ ನಾರಿನ ಕಾರ್ಖಾನೆಯಾಗಲಿ, ವಿದ್ಯುನ್ಮಾನ ರೂಪದ ಲೆಕ್ಕದ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನ ಇಡಬೇಕೆಂದು 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದುಪಡಿಯಾಯಿತು. ಪ್ರತಿದಿನ ಬ್ಯಾಕಪ್ ಎಂದರೆ ಪ್ರತಿದಿನವೂ ತಾತ್ಕಾಲಿಕ ಫೈಲು. ಅದಕ್ಕೊಂದು ಗೊತ್ತಾದ ಜಾಗ ಇರಲೇಬೇಕು.

ಎಷ್ಟು ಜಾಗ ಬೇಕು

ತಾತ್ಕಾಲಿಕ ಫೈಲು ಚಿಕ್ಕದೆಂಬ ಭಾವನೆ ಸಾಮಾನ್ಯ. ಪತ್ರ ಟೈಪು ಮಾಡುವ ತಂತ್ರಾಂಶಕ್ಕೆ ಅದು ನಿಜ, ಬ್ಯಾಕಪ್ಪಿಗೆ ಅಲ್ಲ. ಒಂದು ಮಂಡಿಯ ಹಲವು ವರ್ಷದ ಲೆಕ್ಕ, ಬಿಲ್ಲಿನ ಚಿತ್ರಗಳೆಲ್ಲ ಸೇರಿ 6 ಜಿಬಿ ಇದೆ ಎಂದುಕೊಳ್ಳೋಣ. ತಂತ್ರಾಂಶ ಮೊದಲು ಅಷ್ಟನ್ನೂ ಒಂದೆಡೆ ನಕಲು ಮಾಡಿಕೊಂಡರೆ 6 ಜಿಬಿ. ಅದನ್ನು ಒತ್ತಿ 2 ಜಿಬಿಯ ಜಿಪ್ ಮಾಡಿದರೆ ಇನ್ನೆರಡು. ಜಿಪ್ಪನ್ನು ಪಾಸ್‌ವರ್ಡ್ ಹಾಕಿ ಗೂಢಲಿಪಿಗೆ ಇಳಿಸಿದರೆ ಮತ್ತೆರಡು. ಕೊನೆಗೆ ಪೆನ್ ಡ್ರೈವಿಗೆ ಹೋಗುವುದು 2 ಜಿಬಿ ಮಾತ್ರ. ಆದರೆ ಒಂದು ಕ್ಷಣದಲ್ಲಿ ಕಂಪ್ಯೂಟರ್ 10 ಜಿಬಿ ಖಾಲಿ ಜಾಗ ಕೇಳಿರುತ್ತದೆ.

ಸ್ಕ್ಯಾನ್ ಕೆಲಸದಲ್ಲಿ ಈ ಅಂತರ ಇನ್ನೂ ದೊಡ್ಡದು. ಎ4 ಅಳತೆಯ ಒಂದು ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 2,480, ಉದ್ದಕ್ಕೆ 3,508 ಚುಕ್ಕೆಗಳು ಸಿಗುತ್ತವೆ. ಚುಕ್ಕೆಯೊಂದಕ್ಕೆ ಮೂರು ಬೈಟಿನಂತೆ ಒತ್ತದೆ ಇಟ್ಟರೆ ಹಾಳೆಯೊಂದಕ್ಕೆ ಸುಮಾರು 26 ಎಂಬಿ. 500 ಹಾಳೆಯ ಒಂದು ಕಡತಕ್ಕೆ 13 ಜಿಬಿ. ಒತ್ತಿ ಪಿಡಿಎಫ್ ಮಾಡಿದ ಮೇಲೆ ಅದೇ ಕಡತ ಕೆಲವು ನೂರು ಎಂಬಿಗೆ ಇಳಿಯಬಹುದು. ಕೊನೆಯ ಫೈಲಿನ ಗಾತ್ರ ನೋಡಿ ಜಾಗದ ಅಂದಾಜು ಮಾಡಿದವರು ಅರ್ಧ ದಾರಿಯಲ್ಲಿ ಸಿಕ್ಕಿಬೀಳುವುದು ಇಲ್ಲೇ.

ಒಳ್ಳೆಯ ತಂತ್ರಾಂಶ ಈ ಹೊರೆಯನ್ನು ಮೊದಲೇ ಇಳಿಸುತ್ತದೆ. ಓದುವುದು, ಒತ್ತುವುದು, ಗೂಢಲಿಪಿಗೆ ಇಳಿಸುವುದು, ಬರೆಯುವುದು ಇಷ್ಟನ್ನೂ ಸಣ್ಣ ಸಣ್ಣ ತುಂಡುಗಳಲ್ಲಿ ಬೆನ್ನುಬೆನ್ನಿಗೆ ಮಾಡಿದರೆ ಮಧ್ಯದ ದೊಡ್ಡ ಫೈಲುಗಳೇ ಬೇಕಾಗುವುದಿಲ್ಲ. ಹಾಗೆ ಮಾಡಲು ಆಗದಿದ್ದಲ್ಲಿ, ಕೆಲಸ ಶುರುಮಾಡುವ ಮುಂಚೆಯೇ ಖಾಲಿ ಜಾಗ ಅಳೆದು, ಸಾಲದಿದ್ದರೆ ಇಂಥ ಡ್ರೈವಿನಲ್ಲಿ ಇಷ್ಟು ಜಿಬಿ ಕಡಿಮೆ ಬಿದ್ದಿದೆ ಎಂದು ಹೇಳಿ ನಿಲ್ಲಬೇಕು. ಎರಡು ಗಂಟೆ ಓಡಿ ಆಮೇಲೆ ಜಾಗವಿಲ್ಲ ಎನ್ನುವ ತಂತ್ರಾಂಶ ಬಳಸುವವರ ಸಮಯವನ್ನೂ ಆ ದಿನದ ಬ್ಯಾಕಪ್ಪನ್ನೂ ಕಳೆಯುತ್ತದೆ.

ವ್ಯವಸ್ಥೆಯ ಟೆಂಪ್ ಫೋಲ್ಡರ್ ಏಕೆ ಸಾಲದು

ತಂತ್ರಾಂಶ ಬರೆಯುವವರು ಬೇರೆ ಯೋಚನೆ ಮಾಡದಿದ್ದರೆ ತಾತ್ಕಾಲಿಕ ಫೈಲು ಹೋಗಿ ಬೀಳುವುದು ಆಪರೇಟಿಂಗ್ ಸಿಸ್ಟಮ್ ಕೊಟ್ಟ ಸಾಮಾನ್ಯ ಟೆಂಪ್ ಫೋಲ್ಡರಿಗೆ. ವಿಂಡೋಸ್‌ನಲ್ಲಿ ಅದು ಸಿ ಡ್ರೈವಿನೊಳಗೆ ಬಳಕೆದಾರರ ಹೆಸರಿನ ಅಡಿಯ ‘ಆ್ಯಪ್‌ಡೇಟಾ’ ಫೋಲ್ಡರಿನಲ್ಲಿ ಅಡಗಿರುತ್ತದೆ. ಲೆಕ್ಕದ ಡೇಟಾವನ್ನು ಜಾಗರೂಕತೆಯಿಂದ ಡಿ ಡ್ರೈವಿನಲ್ಲಿಟ್ಟವರೂ, ಬ್ಯಾಕಪ್ಪನ್ನು ಹೊರಗಿನ ಡಿಸ್ಕಿಗೆ ಕಳಿಸುವವರೂ ನಡುವೆ ಸಿ ಡ್ರೈವ್ ತುಂಬುತ್ತಿರುವುದನ್ನು ಗಮನಿಸುವುದಿಲ್ಲ. ಆ ಡ್ರೈವ್ ತುಂಬಿತೆಂದರೆ ಬ್ಯಾಕಪ್ ಒಂದೇ ಅಲ್ಲ, ವಿಂಡೋಸ್ ಕೂಡ ತಡವರಿಸುತ್ತದೆ. ಆ ಹೊತ್ತಿನಲ್ಲಿ ಬಿಲ್ಲು ಹಾಕುತ್ತಿರುವ ತಂತ್ರಾಂಶವೂ ನಿಲ್ಲಬಹುದು.

ಲಿನಕ್ಸ್‌ನಲ್ಲಿ ಇಂಥ ಜಾಗ ಎರಡಿವೆ. ಒಂದು ಮೂಲ ಫೋಲ್ಡರಿನ ಕೆಳಗಿನ ‘ಟಿಎಂಪಿ’, ಇನ್ನೊಂದು ‘ವಾರ್’ ಫೋಲ್ಡರಿನ ಒಳಗಿನ ‘ಟಿಎಂಪಿ’. ಯಾವ ಫೋಲ್ಡರ್ ಯಾವುದಕ್ಕೆ ಎಂದು ಹೇಳುವ ಫೈಲ್‌ಸಿಸ್ಟಮ್ ಹೈರಾರ್ಕಿ ಸ್ಟ್ಯಾಂಡರ್ಡ್‌ನ ಮೂರನೆಯ ಆವೃತ್ತಿ 2015ರಲ್ಲಿ ಹೊರಬಂತು. ಅದರ ಪ್ರಕಾರ ಮೊದಲನೆಯದರಲ್ಲಿಟ್ಟ ಫೈಲು ತಂತ್ರಾಂಶ ಮುಂದಿನ ಸಲ ಓಡುವಾಗಲೂ ಇರುತ್ತದೆಂದು ಯಾವ ತಂತ್ರಾಂಶವೂ ನಂಬಬಾರದು. ಎರಡನೆಯದರಲ್ಲಿಟ್ಟದ್ದು ಕಂಪ್ಯೂಟರ್ ಮತ್ತೆ ಶುರುವಾದಾಗ ಅಳಿಯಬಾರದು. ಬಹುತೇಕ ಲಿನಕ್ಸ್ ಆವೃತ್ತಿಗಳು ಬಳಸುವ ಸಿಸ್ಟಮ್‌ಡಿ ತಾನಾಗಿ ಮಾಡುವ ಸ್ವಚ್ಛತೆಯಲ್ಲೂ ಈ ಭೇದ ಕಾಣುತ್ತದೆ: ಅದರ ಮೂಲ ಸೆಟ್ಟಿಂಗಿನಲ್ಲಿ ಮೊದಲನೆಯದಕ್ಕೆ 10 ದಿನ, ಎರಡನೆಯದಕ್ಕೆ 30 ದಿನದ ಅವಧಿ.

ಇದಕ್ಕಿಂತ ಮುಖ್ಯವಾದ ಬದಲಾವಣೆ ಇನ್ನೊಂದಿದೆ. ಈಗಿನ ಹಲವು ಲಿನಕ್ಸ್ ಆವೃತ್ತಿಗಳಲ್ಲಿ ಮೊದಲನೆಯ ‘ಟಿಎಂಪಿ’ ಡಿಸ್ಕಿನ ಮೇಲೆ ಇರುವುದೇ ಇಲ್ಲ, ರ‍್ಯಾಮ್ ಒಳಗೆ ಇರುತ್ತದೆ. ಫೆಡೋರಾ 2013ರಲ್ಲಿ ಬಂದ ತನ್ನ 18ನೆಯ ಆವೃತ್ತಿಯಿಂದ ಹೀಗೆ ಮಾಡಿತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಕೂಡ ಇದೇ ದಾರಿ ಹಿಡಿಯಿತು. ಬೇರೆ ಹೇಳದಿದ್ದರೆ ಇದರ ಮಿತಿ ರ‍್ಯಾಮಿನ ಅರ್ಧ. 8 ಜಿಬಿ ರ‍್ಯಾಮಿನ ಕಂಪ್ಯೂಟರಿನಲ್ಲಿ 4 ಜಿಬಿ ಆಗುವುದರಿಂದ ಮೇಲಿನ ಉದಾಹರಣೆಯ 6 ಜಿಬಿ ಲೆಕ್ಕ ಅಲ್ಲಿ ಹಿಡಿಸುವುದೇ ಇಲ್ಲ. ಹಿಡಿಸಿದರೂ ಉಳಿದ ಕೆಲಸಕ್ಕೆ ಬೇಕಾದ ರ‍್ಯಾಮನ್ನು ಅದು ತಿಂದುಹಾಕುತ್ತದೆ.

ರ‍್ಯಾಮಿನಲ್ಲಿರುವುದು ಕರೆಂಟ್ ಹೋದೊಡನೆ ಅಳಿಯುತ್ತದೆ. ತೋಟಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಬೇಸಿಗೆಯಲ್ಲಿ ವೋಲ್ಟೇಜ್ ಏರಿಳಿಯುವುದು, ಮುಂಗಾರಿನ ಮೊದಲ ಗಾಳಿಗೆ ತಂತಿಯ ಮೇಲೆ ತೆಂಗಿನ ಗರಿ ಬಿದ್ದು ಸರಬರಾಜು ನಿಲ್ಲುವುದು ಈ ಸೀಮೆಗೆ ಹೊಸತಲ್ಲ. ಸಣ್ಣ ಯುಪಿಎಸ್ ಕಂಪ್ಯೂಟರನ್ನು ಕ್ರಮವಾಗಿ ಆರಿಸುವಷ್ಟು ಹೊತ್ತು ಕೊಟ್ಟೀತು, ಎರಡು ಗಂಟೆಯ ಬ್ಯಾಕಪ್ ಮುಗಿಸುವಷ್ಟಲ್ಲ. ಮುಕ್ಕಾಲು ಪಾಲು ಮುಗಿದ ಕೆಲಸವನ್ನು ಕರೆಂಟ್ ಬಂದ ಮೇಲೆ ಮುಂದುವರಿಸಬೇಕಾದರೆ ಆ ಮುಕ್ಕಾಲು ಪಾಲು ಡಿಸ್ಕಿನ ಮೇಲೆ, ಅದೂ ತಾನಾಗಿ ಅಳಿಯದ ಫೋಲ್ಡರಿನಲ್ಲಿ ಇರಬೇಕು. ಮೊಬೈಲ್ ಫೋನಿಗೂ ಇದೇ ಮಾತು: ಜಾಗ ಕಡಿಮೆಯಾದಾಗ ಆಂಡ್ರಾಯ್ಡ್ ಯಾವ ಆ್ಯಪಿನ ಕ್ಯಾಶೆ ಫೋಲ್ಡರನ್ನಾದರೂ ಕೇಳದೆ ಖಾಲಿ ಮಾಡಬಹುದು.

ಸೇರಬೇಕಾದ ಡಿಸ್ಕಿನಲ್ಲೇ ಏಕೆ

ಹಾಗಾದರೆ ಸರಿಯಾದ ಜಾಗ ಯಾವುದು? ಬಹುಪಾಲು ಸಂದರ್ಭದಲ್ಲಿ ಉತ್ತರ ಒಂದೇ: ಸಿದ್ಧವಾದ ಬ್ಯಾಕಪ್ ಯಾವ ಡಿಸ್ಕಿನಲ್ಲಿ ಉಳಿಯಬೇಕೋ ಅದೇ ಡಿಸ್ಕಿನಲ್ಲಿ, ಅದರ ಪಕ್ಕದಲ್ಲೇ, ಬೇರೆ ಹೆಸರಿನಲ್ಲಿ.

ಇದಕ್ಕೆ ಗಟ್ಟಿ ಕಾರಣವಿದೆ. ಒಂದೇ ಫೈಲ್ ವ್ಯವಸ್ಥೆಯ ಒಳಗೆ ಫೈಲಿನ ಹೆಸರು ಬದಲಿಸುವುದು ಬರೀ ಹೆಸರಿನ ಪಟ್ಟಿಯ ತಿದ್ದುಪಡಿ. ಒಳಗಿನ ಜಿಬಿಗಟ್ಟಲೆ ಡೇಟಾ ಅಲ್ಲಾಡುವುದಿಲ್ಲ. ಲಿನಕ್ಸ್ ಮತ್ತು ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಈ ಹೆಸರು ಬದಲಾವಣೆ ಅವಿಭಾಜ್ಯ. ಆ ಹೆಸರಿನಲ್ಲಿ ಫೈಲು ತೆರೆಯುವ ಬೇರೆ ತಂತ್ರಾಂಶಕ್ಕೆ ಹಳೆಯ ಫೈಲು ಸಿಗುತ್ತದೆ, ಇಲ್ಲವೇ ಪೂರ್ತಿ ಹೊಸದು. ನಡುವಿನ ಸ್ಥಿತಿ ಕಾಣುವುದಿಲ್ಲ. ತಾತ್ಕಾಲಿಕ ಫೈಲು ಬೇರೆ ಡಿಸ್ಕಿನಲ್ಲಿದ್ದರೆ ಹೆಸರು ಬದಲಿಸುವುದು ಸಾಧ್ಯವೇ ಇಲ್ಲ, ಮತ್ತೆ ಅಷ್ಟನ್ನೂ ನಕಲು ಮಾಡಬೇಕು. ಆ ನಕಲಿನ ನಡುವೆ ಕರೆಂಟ್ ಹೋದರೆ ಸರಿಯಾದ ಹೆಸರು ಹೊತ್ತ ಅರ್ಧ ಫೈಲು ಉಳಿಯುತ್ತದೆ. ತೆಂಗಿನ ಸೀಮೆಯಲ್ಲಿ ಕಾಯಿ ಕೊಬ್ಬರಿಯಾಗುವುದು ಬೆಳೆಗಾರರ ಅಟ್ಟದ ಮೇಲೆ, ವರ್ಷದ ಬಹುಪಾಲು ಕಾಲ ಅವರದೇ ಸೂರಿನಡಿ. ಒಣಗಿದ ಮೇಲೆ ಸುಲಿದು ಒಡೆದು ಅಲ್ಲೇ ಚೀಲಕ್ಕೆ ತುಂಬುತ್ತಾರೆ. ಅರ್ಧ ಆದ ಬ್ಯಾಕಪ್ಪಿಗೂ ಅಂಥ ಅಟ್ಟ ಬೇಕು, ಕೊನೆಯ ಜಾಗ ಇರುವ ಸೂರಿನ ಅಡಿಯಲ್ಲೇ.

ಆ್ಯಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಹೊರತಂದ, ಫೈಲು ನಕಲು ಮಾಡುವ ಆರ್‌ಸಿಂಕ್ ತಂತ್ರಾಂಶ ಈ ಕ್ರಮಕ್ಕೆ ಒಳ್ಳೆಯ ಮಾದರಿ. ‘ಲೆಕ್ಕ.ಜಿಪ್’ ಎಂಬ ಫೈಲನ್ನು ಇನ್ನೊಂದು ಡಿಸ್ಕಿಗೆ ಕಳಿಸುವಾಗ ಅದು ಆ ಡಿಸ್ಕಿನ ಅದೇ ಫೋಲ್ಡರಿನಲ್ಲಿ ಚುಕ್ಕೆಯಿಂದ ಆರಂಭವಾಗುವ, ಕೊನೆಗೆ ಕೆಲವು ಯಾದೃಚ್ಛಿಕ ಅಕ್ಷರ ಅಂಟಿಸಿದ ಹೆಸರಿನಲ್ಲಿ ಬರೆಯುತ್ತ ಹೋಗುತ್ತದೆ. ಕೊನೆಯ ಬೈಟ್ ಬಂದು ಪರೀಕ್ಷೆ ಮುಗಿದ ಮೇಲಷ್ಟೇ ಅದಕ್ಕೆ ನಿಜವಾದ ಹೆಸರು. ಅಲ್ಲಿಯ ತನಕ ನಿನ್ನೆಯ ‘ಲೆಕ್ಕ.ಜಿಪ್’ ಇದ್ದಂತೆಯೇ ಇರುತ್ತದೆ. ಅರ್ಧ ಬಂದ ಭಾಗವನ್ನು ಬೇರೊಂದು ಫೋಲ್ಡರಿನಲ್ಲಿ ಉಳಿಸಿಕೊಂಡು ಮುಂದಿನ ಸಲ ಅಲ್ಲಿಂದಲೇ ಮುಂದುವರಿಸುವ ಆಯ್ಕೆಯೂ ಇದೆ.

ಹೆಸರು ಬದಲಿಸುವ ಮುಂಚೆ ಇನ್ನೊಂದು ಹೆಜ್ಜೆ ಮರೆಯಬಾರದು. ಬರೆದಾಯಿತು ಎಂದು ತಂತ್ರಾಂಶ ತಿಳಿದ ಡೇಟಾ ಕೆಲಹೊತ್ತು ರ‍್ಯಾಮಿನಲ್ಲೇ ಕಾಯುತ್ತಿರಬಹುದು. ಅದನ್ನು ಡಿಸ್ಕಿಗೆ ಇಳಿಸಿ ಎಂದು ಆಪರೇಟಿಂಗ್ ಸಿಸ್ಟಮ್‌ಗೆ ಸ್ಪಷ್ಟವಾಗಿ ಹೇಳಿ, ಇಳಿದದ್ದು ಖಚಿತವಾದ ಮೇಲೆ ಹೆಸರು ಬದಲಿಸಬೇಕು. ಇಲ್ಲವಾದರೆ ಕರೆಂಟ್ ಹೋಗಿ ಬಂದ ಮೇಲೆ ಸರಿಯಾದ ಹೆಸರಿನ, ಆದರೆ ಖಾಲಿಯಾದ ಫೈಲು ಸಿಗುವ ಅಪಾಯವಿದೆ. ಪೆನ್ ಡ್ರೈವನ್ನು ಎಳೆದು ತೆಗೆಯುವ ಮುಂಚೆ ‘ಇಜೆಕ್ಟ್’ ಒತ್ತಬೇಕೆನ್ನುವುದೂ ಇದೇ ಕಾರಣಕ್ಕೆ.

ಪಕ್ಕದಲ್ಲಿ ಇಡಲಾಗದ ಸಂದರ್ಭಗಳು

ಈ ನಿಯಮಕ್ಕೆ ಅಪವಾದಗಳಿವೆ. ಮೊದಲನೆಯದು ಪೆನ್ ಡ್ರೈವ್. ಮಾರುಕಟ್ಟೆಯಲ್ಲಿ ಸಿಗುವ ಅನೇಕ ಪೆನ್ ಡ್ರೈವುಗಳು ಫ್ಯಾಟ್32 ಎಂಬ ಹಳೆಯ ಫೈಲ್ ವ್ಯವಸ್ಥೆಯಲ್ಲಿ ಇರುತ್ತವೆ. ಅದರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. 64 ಜಿಬಿ ಖಾಲಿ ಇದ್ದರೂ 6 ಜಿಬಿಯ ಒಂದು ಫೈಲು ಅಲ್ಲಿ ಬರೆಯಲಾಗದು, ತಾತ್ಕಾಲಿಕವಾಗಲಿ ಅಂತಿಮವಾಗಲಿ. ಜತೆಗೆ ಪೆನ್ ಡ್ರೈವಿಗೆ ಮತ್ತೆ ಮತ್ತೆ ಬರೆದು ಅಳಿಸುವುದು ನಿಧಾನ, ಅದರ ಆಯಸ್ಸಿಗೂ ಒಳ್ಳೆಯದಲ್ಲ. ಇಲ್ಲಿ ಮಧ್ಯದ ಕೆಲಸವೆಲ್ಲ ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲಿ ಮುಗಿಸಿ, ಸಿದ್ಧ ಫೈಲನ್ನು ತುಂಡು ಮಾಡಿ ಒಮ್ಮೆ ಮಾತ್ರ ಕಳಿಸುವುದು ಲೇಸು. ಡ್ರೈವನ್ನು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಬದಲಿಸಿಕೊಂಡರೆ ಗಾತ್ರದ ಮಿತಿಯ ತೊಂದರೆ ತಪ್ಪುತ್ತದೆ. ಬದಲಿಸುವಾಗ ಅದರಲ್ಲಿದ್ದದ್ದು ಅಳಿಯುವುದರಿಂದ ಮೊದಲು ಬೇರೆಡೆ ತೆಗೆದಿಡಬೇಕು.

ಎರಡನೆಯದು ಇಂಟರ್ನೆಟ್ ಮೂಲಕ ದೂರದ ಸರ್ವರಿಗೆ ಹೋಗುವ ಬ್ಯಾಕಪ್. ಲೈನು ನಿಧಾನವಿದ್ದಾಗ ಕಳಿಸಬೇಕಾದ ತುಂಡುಗಳು ಇಲ್ಲಿಯೇ ಸಾಲುಗಟ್ಟಿ ಕಾಯಬೇಕು. ರೆಸ್ಟಿಕ್ ಎಂಬ ಮುಕ್ತ ತಂತ್ರಾಂಶ ಬ್ಯಾಕಪ್ ಮಾಡುವಾಗ ಹೀಗೆ ಕಟ್ಟಿದ ತುಂಡುಗಳನ್ನು ವ್ಯವಸ್ಥೆಯ ಟೆಂಪ್ ಫೋಲ್ಡರಿನಲ್ಲಿಡುತ್ತದೆ. ಬೇರೆಡೆ ಇಡಬೇಕಾದರೆ ‘ಟಿಎಂಪಿಡಿಐಆರ್’ ಎಂಬ ಸೆಟ್ಟಿಂಗಿನಲ್ಲಿ ಆ ಫೋಲ್ಡರಿನ ಹೆಸರು ಕೊಟ್ಟರಾಯಿತು. ಯಾವ ಫೈಲು ಈಗಾಗಲೇ ಹೋಗಿದೆ ಎಂಬ ಪಟ್ಟಿಯನ್ನು ಮಾತ್ರ ಅದು ಬಳಕೆದಾರರ ಕ್ಯಾಶೆ ಫೋಲ್ಡರಿನಲ್ಲಿ ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತದೆ. ಈ ವಿಂಗಡಣೆ ಸರಿಯಾದದ್ದು. ತುಂಡುಗಳು ಹೋದೊಡನೆ ಬೇಡವಾಗುತ್ತವೆ; ಪಟ್ಟಿ ನಾಳೆಯೂ ಬೇಕು, ಕಳೆದರೂ ಸರ್ವರಿನಿಂದ ಮತ್ತೆ ತರಿಸಿಕೊಳ್ಳಬಹುದು.

ಮೂರನೆಯದು ದೊಡ್ಡ ಸಂಸ್ಥೆಗಳ ಟೇಪ್ ಬ್ಯಾಕಪ್. ಟೇಪ್ ಯಂತ್ರಕ್ಕೆ ಡೇಟಾ ಒಂದೇ ವೇಗದಲ್ಲಿ ಬರುತ್ತಿರಬೇಕು. ತಡವಾದರೆ ಟೇಪು ನಿಂತು, ಹಿಂದೆ ಸುತ್ತಿ, ಮತ್ತೆ ಓಡಬೇಕಾಗುತ್ತದೆ, ಅದರಿಂದ ಸವೆಯುತ್ತದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಅಮಾಂಡಾ ತಂತ್ರಾಂಶ ಇದಕ್ಕೆಂದೇ ‘ಹೋಲ್ಡಿಂಗ್ ಡಿಸ್ಕ್’ ಎಂಬ ಪ್ರತ್ಯೇಕ ಜಾಗ ಕೇಳುತ್ತದೆ. ಎಲ್ಲ ಕಂಪ್ಯೂಟರುಗಳ ಡೇಟಾ ಮೊದಲು ಅಲ್ಲಿಗೆ, ಅಲ್ಲಿಂದ ಟೇಪಿಗೆ. ಟೇಪು ಹಾಕುವುದು ಮರೆತ ರಾತ್ರಿಯೂ ಬ್ಯಾಕಪ್ ಅಲ್ಲಿ ಕಾದಿರುತ್ತದೆ, ಮರುದಿನ ಟೇಪಿಗೆ ಇಳಿಸಬಹುದು. ಹಾಗಾಗಿ ಹೋಲ್ಡಿಂಗ್ ಡಿಸ್ಕ್ ಎಂದೂ ಸಾಮಾನ್ಯ ಟೆಂಪ್ ಫೋಲ್ಡರ್ ಆಗಕೂಡದು.

ಮೂರು ಅಪವಾದಗಳಲ್ಲೂ ಸಮಾನವಾದ ಅಂಶವೊಂದಿದೆ. ಜಾಗ ಎಲ್ಲಿಯದೇ ಇರಲಿ, ಅದನ್ನು ಬಳಸುವವರು ಆರಿಸಿದ್ದಾಗಿರಬೇಕು, ತಂತ್ರಾಂಶ ತನ್ನಷ್ಟಕ್ಕೆ ಆರಿಸಿದ್ದಲ್ಲ. ಆದ್ದರಿಂದ ತಾತ್ಕಾಲಿಕ ಫೋಲ್ಡರ್ ಯಾವುದೆಂದು ಹೇಳುವ ಆಯ್ಕೆಯಿಲ್ಲದ ಬ್ಯಾಕಪ್ ತಂತ್ರಾಂಶ ಅಪೂರ್ಣ.

ರಿಸ್ಟೋರ್ ಇನ್ನೂ ನಾಜೂಕು

ಬ್ಯಾಕಪ್ ಕೆಟ್ಟರೆ ಮೂಲ ಉಳಿದಿರುತ್ತದೆ. ರಿಸ್ಟೋರ್ ಮಾಡುವ ಹೊತ್ತಿಗೆ ಸಾಮಾನ್ಯವಾಗಿ ಮೂಲ ಹೋಗಿರುತ್ತದೆ, ಅಥವಾ ಅರ್ಧ ಕೆಟ್ಟಿರುತ್ತದೆ. ಬಿಚ್ಚಿದ ಫೈಲುಗಳನ್ನು ನೇರ ಹಳೆಯ ಡೇಟಾದ ಮೇಲೆ ಬರೆಯುವುದು ಆಗ ಅತಿ ಅಪಾಯದ ಕೆಲಸ. ಬ್ಯಾಕಪ್ ಫೈಲೇ ದೋಷದ್ದಾಗಿದ್ದು ನಡುವೆ ನಿಂತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಡೇಟಾ ಇರುವ ಡ್ರೈವಿನಲ್ಲೇ ಹೊಸ ಫೋಲ್ಡರ್ ಮಾಡಿ, ಎಲ್ಲವನ್ನೂ ಅದರೊಳಗೆ ಬಿಚ್ಚಿ, ತೆರೆದು ನೋಡಿ, ಕೊನೆಯ ದಿನದ ಪಟ್ಟಿಗಳು, ಬಾಕಿಗಳು ತಾಳೆಯಾದ ಮೇಲೆ ಹಳೆಯ ಫೋಲ್ಡರಿನ ಹೆಸರು ಬದಲಿಸಿ, ಹೊಸದನ್ನು ಅದರ ಸ್ಥಾನಕ್ಕೆ ತರಬೇಕು. ಹಳೆಯದನ್ನು ಕೆಲವು ದಿನ ಹಾಗೇ ಬಿಡಬೇಕು. ಇದಕ್ಕೆ ಡೇಟಾದಷ್ಟೇ ದೊಡ್ಡ ಖಾಲಿ ಜಾಗ ಸದಾ ಇರಬೇಕಾದ್ದರಿಂದ ಅದನ್ನು ಮುಂಚಿತವಾಗಿಯೇ ಕಾದಿರಿಸುವುದು ಒಳ್ಳೆಯದು.

ಒಂದು ಸಂದರ್ಭದಲ್ಲಿ ಮಾತ್ರ ಈ ಸಲಹೆ ತಲೆಕೆಳಗಾಗುತ್ತದೆ. ತಪ್ಪಿ ಅಳಿಸಿದ ಫೈಲನ್ನೋ, ಸಾಯುತ್ತಿರುವ ಡಿಸ್ಕಿನ ಡೇಟಾವನ್ನೋ ಹೊರತೆಗೆಯುವಾಗ ಆ ಡಿಸ್ಕಿಗೆ ಒಂದು ಅಕ್ಷರವನ್ನೂ ಬರೆಯಬಾರದು. ಅಳಿಸಿದ ಫೈಲಿನ ಬೈಟುಗಳು ಬೇರೇನಾದರೂ ಅವುಗಳ ಮೇಲೆ ಬರೆಯುವ ತನಕ ಅಲ್ಲೇ ಉಳಿದಿರಬಹುದು. ಫೈಲು ಹೊರತೆಗೆಯುವ ತಂತ್ರಾಂಶದ ತಾತ್ಕಾಲಿಕ ಫೈಲೇ ಅವುಗಳ ಮೇಲೆ ಕೂತರೆ ಹುಡುಕುತ್ತಿದ್ದದ್ದು ಶಾಶ್ವತವಾಗಿ ಹೋಯಿತು. ಆ ತಂತ್ರಾಂಶವನ್ನೂ ಅದರ ಟೆಂಪ್ ಫೋಲ್ಡರನ್ನೂ ಬೇರೆ ಡಿಸ್ಕಿನಲ್ಲಿಡುವುದು ಇಲ್ಲಿ ಕಡ್ಡಾಯ.

ಡೇಟಾಬೇಸ್‌ಗಳ ರಿಸ್ಟೋರ್‌ಗೆ ಅದರದೇ ಆದ ಹಸಿವಿದೆ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ಬ್ಯಾಕಪ್ಪಿನಿಂದ ಕೋಷ್ಟಕಗಳನ್ನು ತುಂಬಿದ ಮೇಲೆ ಸೂಚಿಗಳನ್ನು (ಇಂಡೆಕ್ಸ್) ಮತ್ತೆ ಕಟ್ಟುತ್ತದೆ. ಲಕ್ಷಾಂತರ ಸಾಲುಗಳನ್ನು ಕ್ರಮಕ್ಕೆ ತರುವಾಗ ರ‍್ಯಾಮ್ ಸಾಲದೆ ತನ್ನದೇ ಡೇಟಾ ಫೋಲ್ಡರಿನೊಳಗಿನ ತಾತ್ಕಾಲಿಕ ಜಾಗಕ್ಕೆ ಬರೆಯುತ್ತದೆ. ಕೊನೆಯ ಡೇಟಾಬೇಸಿನ ಗಾತ್ರಕ್ಕೆ ಸರಿಯಾಗಿ ಡಿಸ್ಕ್ ಅಳೆದಿದ್ದರೆ ರಿಸ್ಟೋರ್ ಮುಗಿಯುವ ಹೊತ್ತಿಗೆ ಜಾಗ ಮುಗಿದಿರುತ್ತದೆ.

ಪ್ರತಿ ಸ್ಮಾರ್ಟ್‌ಫೋನಿನಲ್ಲೂ ಇರುವ ಎಸ್‌ಕ್ಯುಲೈಟ್ ಎಂಬ ಡೇಟಾಬೇಸ್ ಇನ್ನೊಂದು ಪಾಠ ಹೇಳುತ್ತದೆ. ಬದಲಾವಣೆ ಮಾಡುವ ಮುಂಚೆ ಅದು ಹಳೆಯ ಪುಟಗಳನ್ನು ‘ಜರ್ನಲ್’ ಎಂಬ ತಾತ್ಕಾಲಿಕ ಫೈಲಿಗೆ ಬರೆದುಕೊಳ್ಳುತ್ತದೆ. ನಡುವೆ ಫೋನ್ ಆರಿದರೆ ಮುಂದಿನ ಸಲ ಆ ಜರ್ನಲ್ ನೋಡಿ ಡೇಟಾವನ್ನು ಮೊದಲಿನ ಸ್ಥಿತಿಗೆ ತರುತ್ತದೆ. ಜರ್ನಲ್ ಯಾವಾಗಲೂ ಡೇಟಾಬೇಸಿನ ಪಕ್ಕದಲ್ಲೇ, ಅದೇ ಫೋಲ್ಡರಿನಲ್ಲಿ ಇರುತ್ತದೆ. ಅದು ಟೆಂಪ್ ಫೋಲ್ಡರಿನಲ್ಲಿದ್ದು ಫೋನ್ ಶುರುವಾಗುವಾಗ ಅಳಿದುಹೋಗಿದ್ದರೆ ಡೇಟಾ ಸರಿಪಡಿಸುವ ದಾರಿಯೇ ಮುಚ್ಚುತ್ತಿತ್ತು. ಅದೇ ಎಸ್‌ಕ್ಯುಲೈಟ್, ಕಳೆದರೆ ನಷ್ಟವಿಲ್ಲದ ವಿಂಗಡಣೆಯ ಫೈಲುಗಳನ್ನು ಮಾತ್ರ ವ್ಯವಸ್ಥೆಯ ಟೆಂಪ್ ಫೋಲ್ಡರಿಗೆ ಕಳಿಸುತ್ತದೆ. ಫೈಲು ಕಳೆದರೆ ಏನಾಗುತ್ತದೆ ಎಂಬ ಪ್ರಶ್ನೆಯೇ ಅದರ ಜಾಗವನ್ನು ನಿರ್ಧರಿಸಬೇಕು.

ಯಾರ ಕಣ್ಣಿಗೆ ಬೀಳುತ್ತದೆ

ಬ್ಯಾಕಪ್ಪಿನ ತಾತ್ಕಾಲಿಕ ಫೈಲು ಮೂಲ ಡೇಟಾದ ಪೂರ್ಣ ಪ್ರತಿ. ಸಹಕಾರ ಸಂಘವೊಂದರ ಫೈಲಿನಲ್ಲಿ ರೈತರ ಹೆಸರು, ಬ್ಯಾಂಕ್ ಖಾತೆ, ಸರ್ವೆ ನಂಬರ್, ಸಾಲದ ಬಾಕಿ ಎಲ್ಲವೂ ಇರುತ್ತವೆ. ಮೂಲಕ್ಕೆ ಪಾಸ್‌ವರ್ಡ್ ಇದ್ದು, ಅಂತಿಮ ಬ್ಯಾಕಪ್ಪಿಗೆ ಗೂಢಲಿಪಿ ಇದ್ದು, ನಡುವಿನ ಫೈಲು ಮಾತ್ರ ಬಿಚ್ಚಿಬಿದ್ದಿದ್ದರೆ ಎರಡೂ ಕಾವಲು ವ್ಯರ್ಥ.

ಲಿನಕ್ಸ್ ಸರ್ವರುಗಳಲ್ಲಿ ಇದು ಸಾಮಾನ್ಯವಾಗಿ ನಡೆಯುವ ತಪ್ಪು. ಡೇಟಾಬೇಸನ್ನು ಒಂದು ಸಾಲಿನ ಆದೇಶದಿಂದ ‘ಟಿಎಂಪಿ’ ಫೋಲ್ಡರಿಗೆ ಸುರಿಯುವುದು ಅನೇಕರ ಅಭ್ಯಾಸ. ಆ ಫೋಲ್ಡರಿನಲ್ಲಿ ಆ ಕಂಪ್ಯೂಟರಿನ ಪ್ರತಿಯೊಬ್ಬ ಬಳಕೆದಾರರೂ ಬರೆಯಬಹುದು. ಹಾಗೆ ಹುಟ್ಟಿದ ಫೈಲನ್ನು ಸಾಮಾನ್ಯ ಸೆಟ್ಟಿಂಗಿನಲ್ಲಿ ಎಲ್ಲರೂ ಓದಬಹುದು. ಫೈಲಿನ ಹೆಸರು ಪ್ರತಿದಿನ ಒಂದೇ ಇದ್ದರೆ ಇನ್ನೊಂದು ಅಪಾಯವೂ ಸೇರುತ್ತದೆ: ಕೆಟ್ಟ ಉದ್ದೇಶದವರು ಅದೇ ಹೆಸರಿನಲ್ಲಿ ಮೊದಲೇ ಒಂದು ಕೊಂಡಿ ಇಟ್ಟು, ಬರಹವನ್ನು ಬೇರೆ ಫೈಲಿನ ಮೇಲೆ ತಿರುಗಿಸಬಹುದು. ಇದಕ್ಕೆ ಪರಿಹಾರ ಹಳೆಯದು, ಸರಳವಾದದ್ದು. ಬ್ಯಾಕಪ್ ನಡೆಸುವ ಖಾತೆಗೆ ಮಾತ್ರ ತೆರೆಯುವ ಪ್ರತ್ಯೇಕ ಫೋಲ್ಡರ್, ಊಹಿಸಲಾಗದ ಹೆಸರು, ಹುಟ್ಟುವಾಗಲೇ ಇತರರಿಗೆ ಮುಚ್ಚಿದ ಅನುಮತಿ. ಈ ಹೆಸರು ಮತ್ತು ಅನುಮತಿಯನ್ನು ಒಂದೇ ಹೆಜ್ಜೆಯಲ್ಲಿ ಮಾಡಿಕೊಡುವ ಸೌಲಭ್ಯ ಯುನಿಕ್ಸ್ ಮಾದರಿಯ ಎಲ್ಲ ವ್ಯವಸ್ಥೆಗಳಲ್ಲೂ ಇದೆ.

ವಿಂಡೋಸ್ ಪ್ರತಿ ಬಳಕೆದಾರರಿಗೆ ಬೇರೆ ಟೆಂಪ್ ಫೋಲ್ಡರ್ ಕೊಡುತ್ತದೆ ನಿಜ. ಆದರೆ ಯಜಮಾನರು, ಗುಮಾಸ್ತರು, ಲೆಕ್ಕಪರಿಶೋಧಕರ ಕಡೆಯವರು ಎಲ್ಲರೂ ಒಂದೇ ಲಾಗಿನ್ ಬಳಸುವಲ್ಲಿ ಆ ಬೇಲಿ ಕೆಲಸಕ್ಕೆ ಬಾರದು. ಅಳಿಸಿದ ಫೈಲು ಡಿಸ್ಕಿನಿಂದ ತಕ್ಷಣ ಮಾಯವಾಗದಿರುವುದರಿಂದ ಕಂಪ್ಯೂಟರನ್ನು ರಿಪೇರಿಗೆ ಕೊಟ್ಟಾಗ, ಮಾರಿದಾಗ ಹಳೆಯ ತಾತ್ಕಾಲಿಕ ಪ್ರತಿಗಳೂ ಜತೆಗೇ ಹೋಗುತ್ತವೆ. ಡೇಟಾ ಡಿಸ್ಕನ್ನು ಮುಟ್ಟುವ ಮುಂಚೆಯೇ ಗೂಢಲಿಪಿಗೆ ಇಳಿಸುವುದು, ಇಲ್ಲವೇ ಇಡೀ ಡಿಸ್ಕನ್ನೇ ಗೂಢಲಿಪಿಯಲ್ಲಿಡುವುದು ಇದಕ್ಕೆ ನಂಬಬಹುದಾದ ಉಪಾಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಜನರ ಮಾಹಿತಿ ಇಟ್ಟುಕೊಂಡವರು ಅದಕ್ಕೆ ತಕ್ಕ ಭದ್ರತೆ ಒದಗಿಸಬೇಕೆನ್ನುತ್ತದೆ. ತಪ್ಪಿದರೆ ದಂಡ 250 ಕೋಟಿ ರೂಪಾಯಿಯ ತನಕ ಹೋಗಬಹುದು. ಟೆಂಪ್ ಫೋಲ್ಡರಿನಲ್ಲಿರುವ ರೈತರ ಖಾತೆ ಸಂಖ್ಯೆಯೂ ಖಾತೆ ಸಂಖ್ಯೆಯೇ.

ಮುಗಿದ ಮೇಲೆ ಗುಡಿಸುವುದು

ಕೆಲಸ ಮುಗಿದೊಡನೆ ತಾತ್ಕಾಲಿಕ ಫೈಲು ಅಳಿಯಬೇಕು. ಕೆಲಸ ಕೆಟ್ಟು ನಿಂತಾಗಲೂ ಮುಂದುವರಿಕೆಗೆ ಬೇಡವಾದದ್ದು ಅಳಿಯಬೇಕು. ಇಲ್ಲವಾದರೆ ಪ್ರತಿ ವಿಫಲ ಬ್ಯಾಕಪ್ ಕೆಲವು ಜಿಬಿ ಬಿಟ್ಟುಹೋಗಿ, ಕೆಲವೇ ವಾರದಲ್ಲಿ ಡಿಸ್ಕ್ ತುಂಬಿ, ಆಮೇಲಿನ ಪ್ರತಿ ಬ್ಯಾಕಪ್ಪೂ ಅದೇ ಕಾರಣಕ್ಕೆ ವಿಫಲವಾಗುತ್ತದೆ. ಬ್ಯಾಕಪ್ ಆಗಬೇಕಾದ ಫೋಲ್ಡರಿನ ಒಳಗೇ ತಾತ್ಕಾಲಿಕ ಜಾಗ ಇದ್ದರಂತೂ ಇಂದಿನ ಬ್ಯಾಕಪ್ಪಿನೊಳಗೆ ನಿನ್ನೆಯ ಅರ್ಧ ಬ್ಯಾಕಪ್ ಸೇರುತ್ತದೆ, ನಾಳೆಯದರಲ್ಲಿ ಎರಡೂ. ಅದನ್ನು ಬ್ಯಾಕಪ್ ಪಟ್ಟಿಯಿಂದ ಹೊರಗಿಡಲೇಬೇಕು. ಇದು ಕ್ಯಾಶೆ, ನಕಲು ಬೇಡ ಎಂದು ಫೋಲ್ಡರಿನೊಳಗೇ ಗುರುತು ಫೈಲೊಂದನ್ನು ಇಡುವ ಪದ್ಧತಿ 2004ರಿಂದ ಬಳಕೆಯಲ್ಲಿದೆ. ರೆಸ್ಟಿಕ್ ಸೇರಿದಂತೆ ಹಲವು ತಂತ್ರಾಂಶಗಳು ಹೇಳಿದರೆ ಆ ಗುರುತನ್ನು ನೋಡಿ ಬಿಟ್ಟುಬಿಡುತ್ತವೆ.

ಆದರೆ ಗುಡಿಸುವ ಕೈಗೆ ಎಚ್ಚರ ಬೇಕು. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರಿನಲ್ಲಿ 2021ರ ಡಿಸೆಂಬರ್ 14ರಿಂದ 16ರ ನಡುವೆ ಸುಮಾರು 77 ಟಿಬಿ ಸಂಶೋಧನಾ ಡೇಟಾ ಅಳಿಯಿತು. ಫೈಲುಗಳ ಸಂಖ್ಯೆ ಸುಮಾರು 3 ಕೋಟಿ 40 ಲಕ್ಷ, ನಷ್ಟ ಅನುಭವಿಸಿದ ಸಂಶೋಧನಾ ತಂಡಗಳು 14. ಕಾರಣ ಬ್ಯಾಕಪ್ ಸ್ಕ್ರಿಪ್ಟ್. ಬೇಡವಾದ ಹಳೆಯ ಲಾಗ್ ಫೈಲುಗಳನ್ನು ಅಳಿಸುವ ಸಾಲು ಅದರಲ್ಲಿತ್ತು. ಸ್ಕ್ರಿಪ್ಟ್ ಓಡುತ್ತಿರುವಾಗಲೇ ಅದರ ಹೊಸ ಆವೃತ್ತಿಯನ್ನು ಹಳೆಯದರ ಮೇಲೆ ಬರೆದದ್ದರಿಂದ ಫೋಲ್ಡರಿನ ಹೆಸರು ಇರಬೇಕಾದ ಜಾಗ ಖಾಲಿಯಾಗಿ, ಅಳಿಸುವ ಆದೇಶ ನಿಜವಾದ ಡೇಟಾದ ಮೇಲೆ ಓಡಿತು. ತಾತ್ಕಾಲಿಕ ಫೈಲುಗಳನ್ನು ಅಳಿಸುವ ತಂತ್ರಾಂಶ ತಾನೇ ಹುಟ್ಟಿಸಿದ, ತನ್ನದೇ ಗುರುತಿರುವ ಫೋಲ್ಡರಿನ ಒಳಗೆ ಮಾತ್ರ ಅಳಿಸಬೇಕು. ಹೆಸರು ಖಾಲಿ ಬಂದರೆ ಏನನ್ನೂ ಮುಟ್ಟದೆ ನಿಲ್ಲಬೇಕು.

ಬಳಸುವವರು ಮಾಡಬೇಕಾದದ್ದು

ಇಷ್ಟನ್ನು ಒಂದು ಮಂಡಿಗೋ ಸಂಘದ ಕಚೇರಿಗೋ ಅನ್ವಯಿಸುವುದು ಕಷ್ಟವಲ್ಲ. ಬ್ಯಾಕಪ್ ಉಳಿಯುವ ಡಿಸ್ಕಿನಲ್ಲಿ ತಾತ್ಕಾಲಿಕ ಕೆಲಸಕ್ಕೆಂದು ಪ್ರತ್ಯೇಕ ಫೋಲ್ಡರ್ ಮಾಡಿ ತಂತ್ರಾಂಶದ ಸೆಟ್ಟಿಂಗಿನಲ್ಲಿ ಅದರ ಹೆಸರು ಕೊಡಬೇಕು. ಮೂಲ ಡೇಟಾದ ಎರಡರಷ್ಟು ಜಾಗ ಅಲ್ಲಿ ಸದಾ ಖಾಲಿ ಇರುವಂತೆ ನೋಡಿಕೊಳ್ಳುವುದು ಕ್ಷೇಮ. ಬ್ಯಾಕಪ್ ಮಾಡುವವರ ಲಾಗಿನ್ ಬೇರೆಯೇ ಇರಬೇಕು, ಆ ಫೋಲ್ಡರ್ ಅವರಿಗೆ ಮಾತ್ರ ತೆರೆಯಬೇಕು. ವಿಂಡೋಸ್‌ನ ಸ್ಟೋರೇಜ್ ಸೆನ್ಸ್‌ನಂಥ ತಾನಾಗಿ ಗುಡಿಸುವ ಸೌಲಭ್ಯಗಳಾಗಲಿ, ಕ್ಲೀನರ್ ತಂತ್ರಾಂಶಗಳಾಗಲಿ ಅದನ್ನು ಮುಟ್ಟದಂತೆ ನೋಡಿಕೊಳ್ಳಬೇಕು.

ಸೆಟ್ಟಿಂಗ್ ಸರಿಯಾಗಿದೆಯೇ ಎಂದು ತಿಳಿಯಲು ಮೂರು ಪರೀಕ್ಷೆ ಸಾಕು. ಮೊದಲು ಬ್ಯಾಕಪ್ ಓಡುತ್ತಿರುವಾಗ ಸಿ ಡ್ರೈವಿನ ಖಾಲಿ ಜಾಗ ಇಳಿಯುತ್ತಿದೆಯೇ, ಅಥವಾ ಆರಿಸಿದ ಫೋಲ್ಡರ್ ಬೆಳೆಯುತ್ತಿದೆಯೇ ಎಂದು ನೋಡುವುದು. ಆಮೇಲೆ ಡೇಟಾದ ಒಂದು ಪ್ರತಿಯ ಮೇಲೆ ಇದೇ ಬ್ಯಾಕಪ್ ಓಡಿಸಿ, ನಡುವೆ ನಿಲ್ಲಿಸಿ, ಹಿಂದಿನ ಬ್ಯಾಕಪ್ ಹಾಗೇ ಉಳಿದಿದೆಯೇ, ಮತ್ತೆ ಶುರುಮಾಡಿದಾಗ ಕೆಲಸ ಮುಂದುವರಿಯುತ್ತದೆಯೇ ಎಂದು ನೋಡುವುದು. ಕೊನೆಗೆ ಬೇರೆ ಫೋಲ್ಡರಿಗೆ ಪೂರ್ತಿ ರಿಸ್ಟೋರ್ ಮಾಡಿ ಒಂದು ದಿನದ ಲೆಕ್ಕ ತಾಳೆ ನೋಡುವುದು. ಮೂರರಲ್ಲೂ ಪಾಸಾದ ವ್ಯವಸ್ಥೆಗೆ ನಡುವೆ ಕರೆಂಟ್ ಹೋದರೂ ನಷ್ಟವಾಗುವುದು ಸಮಯ ಮಾತ್ರ. ಹಳೆಯ ಬ್ಯಾಕಪ್ ಇರುತ್ತದೆ, ಹೊಸದು ಮುಗಿಸುವ ದಾರಿಯೂ ಇರುತ್ತದೆ.